ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ಸೇರಿಸಿದರೆ ಏನಾಗುತ್ತದೆ?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪ್ರಶ್ನೆ: ಮನೆಯಿಂದ ತೋಟದ ಪಂಪ್ ಶೆಡ್ಡಿಗೆ ಅಲ್ಯೂಮಿನಿಯಂ ವೈರ್ ಎಳೆದಿದ್ದೇವೆ. ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆ ಬಿದ್ದು ಅದು ತುಂಡಾಗಿದೆ. ಮನೆಯಲ್ಲಿ ತಾಮ್ರದ ವೈರ್ ಸ್ವಲ್ಪ ಮಿಕ್ಕಿದೆ. ಎರಡನ್ನೂ ಹೊಸೆದು ಟೇಪ್ ಸುತ್ತಿದರೆ ಆಗುತ್ತಾ? ಪಕ್ಕದ ತೋಟದವರು ಹಾಗೇ ಮಾಡಿದ್ದಾರೆ, ಇದುವರೆಗೆ ಏನೂ ಆಗಿಲ್ಲ.

ಹೊಸೆದು ಟೇಪ್ ಸುತ್ತುವುದು ಬೇಡ. ಅಲ್ಯೂಮಿನಿಯಂ ಮತ್ತು ತಾಮ್ರವನ್ನು ಸೇರಿಸಲೇಬಾರದು ಅಂತೇನಿಲ್ಲ, ಅದಕ್ಕೆಂದೇ ಮಾಡಿದ ಕನೆಕ್ಟರ್ ಇದೆ. ಹೊಸೆದ ಜಾಯಿಂಟಿನ ತೊಂದರೆ ಏನೆಂದರೆ ಅದು ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೋಟಾರ್ ಓಡುತ್ತದೆ, ನೀರು ಬರುತ್ತದೆ. ಕೆಡುವುದು ನಿಧಾನಕ್ಕೆ, ಟೇಪಿನ ಒಳಗೆ. ಹಾಗಾಗಿ ‘ಇದುವರೆಗೆ ಏನೂ ಆಗಿಲ್ಲ’ ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಳಗೆ ಏನಾಗುತ್ತದೆ ನೋಡೋಣ. ಅಲ್ಯೂಮಿನಿಯಂ ತಂತಿಯ ಸಿಪ್ಪೆ ತೆಗೆದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳು ಪದರ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಸಾಮಾನ್ಯ ಸಾಲ್ಡರ್ ಅಲ್ಯೂಮಿನಿಯಂಗೆ ಹಿಡಿಯದೇ ಇರುವುದೂ ಈ ಪದರದಿಂದಲೇ. ಇನ್ನು ಬಿಸಿಯಾದಾಗ ಅಲ್ಯೂಮಿನಿಯಂ ತಾಮ್ರಕ್ಕಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಹಿಗ್ಗುತ್ತದೆ. ಮೆತ್ತಗಿನ ಲೋಹವಾದ್ದರಿಂದ ಒತ್ತಡಕ್ಕೆ ಮೆಲ್ಲಗೆ ಜರುಗಿಬಿಡುತ್ತದೆ, ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಮೋಟಾರ್ ಹಾಕಿದಾಗ ಬಿಸಿ, ನಿಲ್ಲಿಸಿದಾಗ ತಣ್ಣಗೆ. ಹೀಗೆ ದಿನಾ ನಡೆದರೆ ಜಾಯಿಂಟ್ ಸಡಿಲವಾಗುತ್ತದೆ.

ಇಷ್ಟು ಎಲ್ಲ ಊರಿಗೂ ಒಂದೇ. ಕೊಡಗಿನಲ್ಲಿ ಇದರ ಜೊತೆಗೆ ನೀರು ಸೇರುತ್ತದೆ. ಎರಡು ಬೇರೆ ಲೋಹ, ನಡುವೆ ತೇವ, ಅಷ್ಟಿದ್ದರೆ ಬ್ಯಾಟರಿಯ ಸೆಲ್ಲಿನಲ್ಲಿ ನಡೆಯುವಂಥ ಕೆಲಸವೇ ಅಲ್ಲಿ ಶುರುವಾಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿಯಾಗಿ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಜಾಗದಲ್ಲಿ ಟೇಪ್ ಸುತ್ತಿದ ಜಾಯಿಂಟ್ ಒಣಗಿರುತ್ತದಾ? ಮಳೆಗಾಲದಲ್ಲಿ ಟೇಪಿನ ಅಂಟೂ ಬಿಟ್ಟುಕೊಳ್ಳುತ್ತದೆ.

ಈಗ ಬಿಸಿಯ ಲೆಕ್ಕ. ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಸುಮಾರು 10 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಕೆಟ್ಟ ಜಾಯಿಂಟಿನ ತಡೆ ಬರೀ 0.2 ಓಮ್ ಇರಲಿ. ಹತ್ತನ್ನು ಹತ್ತರಿಂದ ಗುಣಿಸಿ, ಅದನ್ನು 0.2ರಿಂದ ಗುಣಿಸಿದರೆ 20 ವ್ಯಾಟ್. ರೇಡಿಯೋ ರಿಪೇರಿಯವರ ಸಣ್ಣ ಸಾಲ್ಡರಿಂಗ್ ಕಡ್ಡಿಯೂ ಹೆಚ್ಚುಕಡಿಮೆ ಇಷ್ಟೇ ವ್ಯಾಟಿನದು. ಅಂಥದ್ದನ್ನು ಟೇಪಿನಲ್ಲಿ ಸುತ್ತಿ ಶೆಡ್ಡಿನ ಮರದ ತೊಲೆಗೆ ಕಟ್ಟಿದ ಹಾಗಾಯಿತು. ಆಗಲೂ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದಿಲ್ಲ. ಅದಕ್ಕೆ ಕಾಣುವುದು 10 ಆಂಪಿಯರ್ ಮಾತ್ರ. ನೀರಿನಿಂದ ಕರೆಂಟ್ ಸೋರಿದರೆ ಅದನ್ನು ಹಿಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಬೀಳುತ್ತದೆ, ಆದರೆ ಜಾಯಿಂಟಿನ ಬಿಸಿ ಅದಕ್ಕೂ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ 1965ರಿಂದ 1973ರ ನಡುವೆ ಬಹಳ ಮನೆಗಳಿಗೆ ಅಲ್ಯೂಮಿನಿಯಂ ವೈರಿಂಗ್ ಮಾಡಿದ್ದರು. 1972ಕ್ಕಿಂತ ಹಿಂದಿನ ಅಲ್ಯೂಮಿನಿಯಂ ವೈರ್ ಇರುವ ಮನೆಗಳಲ್ಲಿ ಪ್ಲಗ್ ಪಾಯಿಂಟಿನ ಜಾಯಿಂಟ್ ಬೆಂಕಿ ಹತ್ತುವಷ್ಟು ಕೆಡುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಜಾಸ್ತಿ ಎಂದು ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಹೇಳಿತ್ತು. ವೈರ್ ಉದ್ದಕ್ಕೂ ಸರಿಯಾಗಿಯೇ ಇರುತ್ತದೆ, ಕೆಡುವುದು ತುದಿಯಲ್ಲಿ.

ಹಾಗಾದರೆ ನೀವೇನು ಮಾಡಬೇಕು? ನನ್ನನ್ನು ಕೇಳಿದರೆ, ಮಿಕ್ಕ ತಾಮ್ರದ ಆಸೆ ಬಿಡಿ. ತುಂಡಾದ ಜಾಗಕ್ಕೆ ಅದೇ ಅಳತೆಯ ಅಲ್ಯೂಮಿನಿಯಂ ವೈರನ್ನೇ ತಂದು, ಅಲ್ಯೂಮಿನಿಯಂ ಫೆರುಲ್ (ಎರಡು ತುದಿ ಸೇರಿಸುವ ಕೊಳವೆ) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಟೂಲಿನಿಂದ ಒತ್ತಿ ಬಿಗಿ ಮಾಡಿಸಿ. ಲೋಹ ಒಂದೇ ಆದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ವೈರ್ ತೀರಾ ಹಳೆಯದಾಗಿ, ಅಲ್ಲಲ್ಲಿ ಸಿಪ್ಪೆ ಬಿರುಕು ಬಿಟ್ಟಿದ್ದರೆ ಆ ಉದ್ದವನ್ನೇ ಬದಲಾಯಿಸುವುದು ವಾಸಿ.

ತಾಮ್ರವನ್ನೇ ಸೇರಿಸಬೇಕು ಎಂದಾದರೆ ಬೈಮೆಟಲ್ ಕನೆಕ್ಟರ್ ಕೇಳಿ. ಒಂದು ಬದಿ ಅಲ್ಯೂಮಿನಿಯಂ ಕೊಳವೆ, ಇನ್ನೊಂದು ಬದಿ ತಾಮ್ರದ್ದು, ಎರಡನ್ನೂ ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಅಲ್ಯೂಮಿನಿಯಂ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತಡ ಮಾಡದೆ ಆಕ್ಸೈಡ್ ತಡೆಯುವ ಜೆಲ್ಲಿ ಹಚ್ಚಬೇಕು. ಸಿಪ್ಪೆ ತೆಗೆಯುವಾಗ ಎಳೆಗೆ ಗಾಯ ಆಗಬಾರದು, ಅಲ್ಯೂಮಿನಿಯಂ ಅಲ್ಲೇ ಮುರಿಯುತ್ತದೆ. ಕೊಳವೆಗೆ ಹೊಂದುವ ಅಚ್ಚು ಇರುವ ಕ್ರಿಂಪಿಂಗ್ ಟೂಲ್ ಬೇಕು. ಇಕ್ಕಳದಲ್ಲಿ ಒತ್ತುವುದು, ಸುತ್ತಿಗೆಯಲ್ಲಿ ಬಡಿಯುವುದು ನಡೆಯುವುದಿಲ್ಲ. ಆಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಬದಿಗೆ ಅಂಟು ಹಚ್ಚಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ನೀರು ಹೋಗದ ಡಬ್ಬಿಯೊಳಗೆ ಇಡಿಸಿ. ವೈರ್ ಡಬ್ಬಿಯ ಕೆಳಗಿನಿಂದ ಒಳಗೆ ಹೋಗಲಿ. ಕೊಂಬೆ ಎಳೆದರೆ ಆ ಭಾರ ಜಾಯಿಂಟಿನ ಮೇಲೆ ಬೀಳಬಾರದು.

ಇನ್ನೊಂದು ವಿಷಯ ತೋಟದವರಿಗೆ ಉಪಯೋಗಕ್ಕೆ ಬರಬಹುದು. ಬಯಲಿನಲ್ಲಿ ಎರಡೂ ಲೋಹ ಹತ್ತಿರ ಇರುವ ಕಡೆ ಅಲ್ಯೂಮಿನಿಯಂ ಮೇಲೆ, ತಾಮ್ರ ಕೆಳಗೆ ಇರಬೇಕು. ತಾಮ್ರ ಮೇಲಿದ್ದರೆ ಅದರ ಲವಣ ಮಳೆನೀರಲ್ಲಿ ಇಳಿದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ದಪ್ಪವನ್ನೂ ಮರೆಯಬೇಡಿ. ಕರೆಂಟ್ ಹರಿಯಲು ಬಿಡುವ ಗುಣ (ವಾಹಕತೆ) ಅಲ್ಯೂಮಿನಿಯಂನಲ್ಲಿ ತಾಮ್ರದ ಸುಮಾರು 61 ಪರ್ಸೆಂಟ್ ಮಾತ್ರ. ತಾಮ್ರದ 2.5 ಚದರ ಮಿಲಿಮೀಟರ್ ಮಾಡುವ ಕೆಲಸಕ್ಕೆ ಅಲ್ಯೂಮಿನಿಯಂ 4 ಬೇಕು. ಮಿಕ್ಕಿದ ವೈರ್ ಲೈಟಿನದ್ದಾಗಿದ್ದರೆ ಮೋಟಾರಿಗೆ ಅದು ಸಾಲುವುದೇ ಇಲ್ಲ.

ಪಕ್ಕದ ತೋಟದವರಿಗೂ ಒಂದು ಮಾತು ಹೇಳಿ. ಮೋಟಾರ್ ಹಾಕಿದಾಗ ಶೆಡ್ಡಿನ ಲೈಟ್ ಮಾತ್ರ ಮಂಕಾಗುವುದು, ಚಿರ್ ಎಂಬ ಸದ್ದು, ಸುಟ್ಟ ವಾಸನೆ, ಕಪ್ಪಾದ ಟೇಪ್, ಇದರಲ್ಲಿ ಯಾವುದು ಕಂಡರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಲಿ. ನಮ್ಮಲ್ಲಿ ವೋಲ್ಟೇಜ್ ಕಡಿಮೆ ಇರುವುದು ಮಾಮೂಲಿ ಅಲ್ವಾ, ಹಾಗಾಗಿ ಎಲ್ಲ ತಪ್ಪನ್ನೂ ಲೈನಿನ ಮೇಲೆ ಹಾಕಿ ಸುಮ್ನಿರುತ್ತೇವೆ.

ಈ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಇನ್ವರ್ಟರ್ ಅಥವಾ ಜನರೇಟರ್ ಇದ್ದರೆ ಅದನ್ನೂ ಆಫ್ ಮಾಡಿ, ತುಂಡಾದ ತುದಿಯಲ್ಲಿ ಕರೆಂಟ್ ಇಲ್ಲವೆಂದು ಟೆಸ್ಟ್ ಮಾಡಿದ ಮೇಲೆಯೇ ಮುಟ್ಟಬೇಕು. ತುಂಡಾದದ್ದು ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರ್ ಆಗಿದ್ದರೆ ಮಾತೇ ಬೇರೆ. ಮನೆಯ ಮೇನ್ ಆಫ್ ಮಾಡಿದರೂ ಅದರಲ್ಲಿ ಕರೆಂಟ್ ಇರುತ್ತದೆ. ಹತ್ತಿರ ಹೋಗದೆ, ಯಾರನ್ನೂ ಹೋಗಲು ಬಿಡದೆ, ಕರೆಂಟ್ ಕೊಡುವ ಕಂಪನಿಯಾದ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ.