ಆದೇಶ ಮೇಲಿನದು, ನಿರ್ಧಾರ ಯಾರದು?

ಬೆಳಗಿನ ಐದೂವರೆಗೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋದರೆ ಓಡುವ ಹುಡುಗರು ಸಿಗುತ್ತಾರೆ. ಸದಾಶಿವಗಡ, ಚೆಂಡಿಯಾ, ಅಂಕೋಲಾ ಕಡೆಯವರು. ಕೆಲವರು ಅಗ್ನಿವೀರ ಭರ್ತಿಗೆ ತಯಾರಾಗುತ್ತಿರುವವರು, ಕೆಲವರು ಎನ್‌ಸಿಸಿ ಪರೀಕ್ಷೆಗೆ, ಒಬ್ಬಿಬ್ಬರು ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ. ಓಟ ಮುಗಿಸಿ ಮರಳಲ್ಲಿ ಕೂತಾಗ ಬ್ಯಾಗಿನಿಂದ ಝೆರಾಕ್ಸ್ ಹಾಳೆ ಹೊರಬರುತ್ತದೆ. ನಾಯಕತ್ವದ ಹನ್ನೊಂದು ಸೂತ್ರ, ಸೇನಾಧಿಕಾರಿಯ ಕರ್ತವ್ಯದ ಮೂರು ಸಾಲು, ಕಾರ್ಯಾಚರಣೆಯ ಆದೇಶದ ಐದು ಭಾಗ, ಎಲ್ಲವೂ ಒಂದರ ಕೆಳಗೊಂದು. ಹುಡುಗರು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಮೇಲಿನವರ ಆದೇಶ ತಪ್ಪು ಅನ್ನಿಸಿದರೆ ಏನು ಮಾಡಬೇಕು ಎಂದು ಕೇಳಿ ನೋಡಿ. ಒಬ್ಬ ಪಾಲಿಸಬೇಕು ಅನ್ನುತ್ತಾನೆ, ಇನ್ನೊಬ್ಬ ಪಾಲಿಸಬಾರದು ಅನ್ನುತ್ತಾನೆ. ಇಬ್ಬರೂ ತೋರಿಸುವುದು ಅದೇ ಹಾಳೆಯನ್ನು.

ಅದರಲ್ಲಿ ಹುಡುಗರ ತಪ್ಪಿಲ್ಲ. ಹಾಳೆಯಲ್ಲಿರುವ ಮಾತುಗಳು ಬೇರೆ ಬೇರೆ ಕಾಲದವು, ಬೇರೆ ಬೇರೆ ದೇಶದವು. 1806ರಲ್ಲಿ ಯೇನಾದಲ್ಲಿ ನೆಪೋಲಿಯನ್ ಎದುರು ನೆಲಕಚ್ಚಿದ ಜರ್ಮನ್ ರಾಜ್ಯ ಪ್ರಷ್ಯಾ ತನ್ನ ಸೈನ್ಯವನ್ನು ಬುಡದಿಂದ ಕಟ್ಟತೊಡಗಿತು. ಏನಾಗಬೇಕು ಎಂಬುದನ್ನು ಮಾತ್ರ ಹೇಳಿ, ಹೇಗೆ ಎಂಬುದನ್ನು ಕೆಳಗಿನ ಅಧಿಕಾರಿಗೆ ಬಿಡುವ ಪದ್ಧತಿ ಅಲ್ಲಿ ಬೇರುಬಿಟ್ಟು, ಅಲ್ಲಿನ ಸೇನಾ ಮುಖ್ಯಸ್ಥ ಮೋಲ್ಟ್ಕೆಯ ಕಾಲಕ್ಕೆ ಗಟ್ಟಿಯಾಯಿತು. ಒಂದನೇ ಮಹಾಯುದ್ಧದ ಕಂದಕಗಳಲ್ಲಿ ಹಿಂದಿದ್ದವರ ಮಾತು ಮುಂದಿದ್ದವರಿಗೆ ತಲುಪದೆ ಹೋದಾಗ, ಬ್ರಿಟಿಷ್ ಸೇನೆ 1917ರ ಫೆಬ್ರವರಿಯಲ್ಲಿ ಪ್ಲಟೂನ್‌ಗಾಗಿಯೇ ತರಬೇತಿಯ ಕೈಪಿಡಿ ಹೊರಡಿಸಿತು. ಮೂವತ್ತು ನಲವತ್ತು ಜನರ ತಂಡವೂ ತನ್ನದೇ ಯೋಜನೆ ಮಾಡಿಕೊಳ್ಳಬಹುದು ಎಂದು ಒಪ್ಪಿಕೊಂಡಂತಾಯಿತು. ಹನ್ನೊಂದು ಸೂತ್ರಗಳು ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಕೈಪಿಡಿಗಳಿಂದ ಬಂದವು. ಕರ್ತವ್ಯದ ಆ ಮೂರು ಸಾಲುಗಳು 1932ರ ಡಿಸೆಂಬರ್ 10ರಂದು ಡೆಹ್ರಾಡೂನ್‌ನ ಸೇನಾ ಅಕಾಡೆಮಿಯಲ್ಲಿ ಅಂದಿನ ಪ್ರಧಾನ ಸೇನಾಪತಿ ಫಿಲಿಪ್ ಚೆಟ್‌ವುಡ್ ಮಾಡಿದ ಭಾಷಣದವು. ಮೊದಲು ದೇಶ, ಆಮೇಲೆ ನಿನ್ನ ಜನ, ನಿನ್ನ ಸುಖ ಕಟ್ಟಕಡೆಗೆ, ಯಾವಾಗಲೂ.

ಇವೆಲ್ಲ ಒಂದೆಡೆ ಕೂಡಿದಾಗ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಹುಡುಗರು ಓಡುವ ದಾರಿಯಲ್ಲೇ, ಐಎನ್‌ಎಸ್ ಚಾಪೆಲ್ ಯುದ್ಧನೌಕೆ ಸಂಗ್ರಹಾಲಯದ ಬಳಿ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದ ಮಗ, 1918ರಲ್ಲಿ ಹುಟ್ಟಿದವರು. 1940ರಲ್ಲಿ ಸೇನೆಯ ಬಾಂಬೆ ಎಂಜಿನಿಯರ್ಸ್ ದಳ ಸೇರಿದ್ದು ಸಾಮಾನ್ಯ ಸಿಪಾಯಿಯಾಗಿ. ಬರ್ಮಾದ ಅರಾಕಾನ್‌ನಲ್ಲಿ ಪಡೆ ಹಿಂದೆ ಸರಿದಾಗ, ಶತ್ರುವಿನ ಕೈಗೆ ಸಿಗಬಾರದ್ದನ್ನು ನಾಶಪಡಿಸಲು ಸೆಕ್ಷನ್ ಎಂಬ ಎರಡು ಸಣ್ಣ ತುಕಡಿಗಳ ಜೊತೆ ಬುತಿಡಾಂಗ್‌ನಲ್ಲಿ ಉಳಿದು, ಜಪಾನಿಯರು ಕಾಯುತ್ತಿದ್ದ ನದಿ ದಾಟಿ ಬಂದವರು. ಅಧಿಕಾರಿಯಾದದ್ದು 1947ರ ಡಿಸೆಂಬರ್‌ನಲ್ಲಿ.

ಅದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. 1948ರ ಏಪ್ರಿಲ್ 8, ಕಾಶ್ಮೀರ ಯುದ್ಧದ ಹೊತ್ತು, ಜಮ್ಮು ಕಡೆಯ ನೌಶೇರಾ–ರಜೌರಿ ರಸ್ತೆ. ಟ್ಯಾಂಕುಗಳಿಗೆ ದಾರಿ ಮಾಡಿಕೊಡುವ, ನೆಲಬಾಂಬು ತೆಗೆಯುವ ತಂಡ ಅವರದು. ಬೆಳಗಿನ ಹನ್ನೊಂದರ ಹೊತ್ತಿಗೆ, ಕೆಲಸ ಶುರುವಾಗುವ ಮೊದಲೇ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು. ರಾಣೆಯವರೂ ಸೇರಿ ಐವರಿಗೆ ಗಾಯ. ಅವರು ಉಳಿದವರನ್ನು ಅಲ್ಲೇ ಮರುಹೊಂದಿಸಿ ಕೆಲಸಕ್ಕೆ ಇಳಿದರು. ಸಂಜೆ ಬರ್ವಾಲಿ ಗುಡ್ಡ ಕೈಗೆ ಬಂದ ಮೇಲೂ ನಿಲ್ಲದೆ, ಮಷಿನ್‌ಗನ್ ಗುಂಡಿನ ನಡುವೆ ರಾತ್ರಿ ಹತ್ತರವರೆಗೆ ಟ್ಯಾಂಕುಗಳಿಗೆ ಬಳಸುದಾರಿ ಕಡಿದರು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಮುಂದೆ ರಸ್ತೆಗಡ್ಡ ಕೆಡವಿದ ಪೈನ್ ಮರಗಳು, ಸಿಡಿಸಿ ಸರಿಸಿದರು. ಅದರಾಚೆ ಒಡೆದ ಮೋರಿ. ಸುತ್ತುಹಾಕಿ ದಾರಿ ಮಾಡಿದರು. ಹತ್ತನೇ ತಾರೀಖು ಮಧ್ಯಾಹ್ನ ಟ್ಯಾಂಕುಗಳು ನದಿಪಾತ್ರಕ್ಕೆ ಇಳಿದು ರಜೌರಿ ದಾರಿಯ ಚಿಂಗಾಸ್ ಮುಟ್ಟಿದವು.

ಅಲ್ಲಿಗೆ ಅವರ ಕೆಲಸ ಮುಗಿಯಿತು ಅನ್ನಬಹುದಿತ್ತು. ಆದರೆ ಟ್ಯಾಂಕಿನ ಹಿಂದೆ ಅಕ್ಕಿ, ಮದ್ದುಗುಂಡು ಹೊತ್ತ ಲಾರಿಗಳು ಬರಬೇಕು, ಲಾರಿಗೆ ನದಿಪಾತ್ರ ಆಗದು, ರಸ್ತೆಯೇ ಬೇಕು. ಇದನ್ನು ಅರಿತು ಅವರು ಊಟವಿಲ್ಲದೆ, ವಿಶ್ರಾಂತಿಯಿಲ್ಲದೆ ರಾತ್ರಿ ಒಂಬತ್ತರವರೆಗೆ ದುಡಿದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಚಿಂಗಾಸ್‌ವರೆಗೆ ರಸ್ತೆ ತೆರೆಯಿತು. 12ರಂದು ರಜೌರಿ ಕೈಸೇರಿತು. ಇದಕ್ಕಾಗಿ ಅವರಿಗೆ ಸಿಕ್ಕ ಪರಮವೀರ ಚಕ್ರದ ಉಲ್ಲೇಖಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಭಾಗವೇ. ಕೆಲಸ ಯಾತಕ್ಕೆ ಎಂದು ಗೊತ್ತಿದ್ದ ಮನುಷ್ಯ, ಟ್ಯಾಂಕು ದಾಟಿದ ಮೇಲೂ ರಸ್ತೆ ಬಿಟ್ಟು ಏಳಲಿಲ್ಲ. ನಮ್ಮ ಊರಿನ ಸಭೆಗಳಲ್ಲಿ ಅವರ ಎದೆಗಾರಿಕೆಯ ಮಾತು ಬರುತ್ತದೆ, ಈ ತಿಳಿವಳಿಕೆಯ ಮಾತು ಬರುವುದು ಕಡಿಮೆ.

ಇನ್ನು ಪಾಲಿಸಬೇಕೋ ಬೇಡವೋ ಎಂಬ ಗಂಟು. 1950ರ ಸೇನಾ ಕಾಯ್ದೆಯ 41ನೇ ಕಲಮು ಅವಿಧೇಯತೆಗೆ ಶಿಕ್ಷೆ ಹೇಳುತ್ತದೆ, ಆದರೆ ಅಲ್ಲಿರುವ ಮಾತು ‘ಕಾನೂನುಬದ್ಧ ಆದೇಶ’. ಆ ಒಂದು ವಿಶೇಷಣದ ಹಿಂದೆ ದೊಡ್ಡ ಚರಿತ್ರೆಯಿದೆ. ಮೇಲಿನವರು ಹೇಳಿದರು, ನಾನು ಮಾಡಿದೆ ಎಂಬ ಸಮರ್ಥನೆಯನ್ನು ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆ ಒಪ್ಪಲಿಲ್ಲ. 1949ರ ಜಿನೀವಾ ಒಪ್ಪಂದಗಳು ಗಾಯಾಳುವಿಗೂ ಸೆರೆಯಾಳಿಗೂ ನಾಗರಿಕನಿಗೂ ರಕ್ಷಣೆ ಕೊಟ್ಟವು. 1968ರಲ್ಲಿ ವಿಯೆಟ್ನಾಂನ ಮಿ ಲಾಯ್ ಹಳ್ಳಿಯಲ್ಲಿ ಅಮೆರಿಕದ ಒಂದು ತುಕಡಿ ಊರಿನವರನ್ನು ಕೊಲ್ಲುತ್ತಿದ್ದಾಗ, ಅದೇ ಸೇನೆಯ ಪೈಲಟ್ ಹ್ಯೂ ಥಾಮ್ಸನ್ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದ. ಹಾಗೆ ಮಾಡು ಎಂದು ಅವನಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ.

ನಮ್ಮ ಕಣ್ಣೆದುರಿಗೇ ಅಂಜುದೀವ್ ಇದೆ. ಬಿಣಗಾದ ಕಡಲಿನಲ್ಲಿ ಕಾಣುವ ಈ ದ್ವೀಪದಲ್ಲಿ 1660ರ ದಶಕದಲ್ಲಿ ಪೋರ್ಚುಗೀಸರಿಂದ ಮುಂಬೈ ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಪಡೆಯೊಂದು ಕಾಯುತ್ತಾ ಕಾಯುತ್ತಾ ಬಹುಪಾಲು ರೋಗಕ್ಕೆ ತುತ್ತಾಯಿತು, ದಳಪತಿ ಅಬ್ರಹಾಂ ಶಿಪ್‌ಮನ್ ಸಹಿತ. ಮುನ್ನೂರು ವರ್ಷಗಳ ನಂತರ, ಗೋವಾ ವಿಮೋಚನೆಯ ಹೊತ್ತಿನಲ್ಲಿ, 1961ರ ಡಿಸೆಂಬರ್ 18ರ ಬೆಳಿಗ್ಗೆ ಐಎನ್‌ಎಸ್ ತ್ರಿಶೂಲ್‌ನಿಂದ ನಾವಿಕರ ತಂಡ ಅಲ್ಲಿ ಇಳಿಯಿತು, ಐಎನ್‌ಎಸ್ ಮೈಸೂರಿನ ಫಿರಂಗಿಗಳ ಬೆಂಬಲದಲ್ಲಿ. ನೌಕಾಪಡೆಯ ಕಥನದ ಪ್ರಕಾರ, ಪೋರ್ಚುಗೀಸ್ ಕಾವಲುಪಡೆ ಬಿಳಿ ಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿತು. ಏಳು ನಾವಿಕರು ತೀರಿಕೊಂಡರು. ಮರುದಿನ ಕಾವಲುಪಡೆ ಶರಣಾಯಿತು, ಸೆರೆಯಾಯಿತು. ಮೋಸದಿಂದ ಜೊತೆಗಾರರನ್ನು ಕಳೆದುಕೊಂಡವರ ಎದುರು ಕೈ ಮೇಲೆತ್ತಿದವರು ನಿಂತಾಗ, ಬಂದೂಕು ಹಿಡಿದ ಇಪ್ಪತ್ತರ ಹುಡುಗನಿಗೆ ಅದು ಎಷ್ಟು ಕಷ್ಟದ ಗಳಿಗೆಯಾಗಿದ್ದೀತು. ಝೆರಾಕ್ಸ್ ಹಾಳೆಯಲ್ಲಿ ಆ ಗಳಿಗೆಗೆ ಜಾಗವಿಲ್ಲ. ಇವತ್ತು ದ್ವೀಪ ನೌಕಾನೆಲೆಯೊಳಗಿದೆ, ನಾವು ನೋಡುವುದು ದೂರದಿಂದಲೇ.

2022ರ ಜೂನ್‌ನಲ್ಲಿ ಬಂದ, ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಈ ಗಂಟಿಗೆ ಹೊಸ ಎಳೆ ಸೇರಿಸಿದೆ. ತರಬೇತಿಯೂ ಸೇರಿ ಸೇವೆ ನಾಲ್ಕು ವರ್ಷ, ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು. ರಾಣೆಯವರಿಗೆ ಸಿಪಾಯಿಯಿಂದ ಅಧಿಕಾರಿಯಾಗಲು ಏಳು ವರ್ಷ ಹಿಡಿಯಿತು, ಅದರಲ್ಲಿ ಒಂದು ಮಹಾಯುದ್ಧವೂ ಇತ್ತು. ಈಗಿನ ಹುಡುಗರಿಗೆ ಅಷ್ಟು ಸಮಯವಿಲ್ಲ. ಹತ್ತು ಜನರ ಸೆಕ್ಷನ್ ನಡೆಸುವ ಹವಾಲ್ದಾರರ ಮೇಲೆ ಕಲಿಸುವ ಭಾರ ಹೆಚ್ಚುತ್ತದೆ. ಹಾಗಿರುವಾಗ ಭರ್ತಿಗೆ ಮುಂಚಿನ ವರ್ಷಗಳನ್ನು ಬಾಯಿಪಾಠದಲ್ಲಿ ಕಳೆಯುವುದು ನನಗೆ ನಷ್ಟವಾಗಿ ಕಾಣುತ್ತದೆ.

ಬೇರೆ ರೀತಿಯ ಪಾಠವನ್ನೂ ಅದೇ ತೀರದಲ್ಲಿ ನೋಡಿದ್ದೇನೆ. ನಿವೃತ್ತ ಹವಾಲ್ದಾರರೊಬ್ಬರು ಭಾನುವಾರ ಬಂದು ಒದ್ದೆ ಮರಳಿನಲ್ಲಿ ಗುಡ್ಡ ಕಟ್ಟುತ್ತಾರೆ. ಬೆರಳಿನಿಂದ ಗೀರಿದರೆ ಹಳ್ಳ, ತೆಂಗಿನ ನಾರಿನ ಹಗ್ಗ ರಸ್ತೆ, ಚಿಪ್ಪುಗಳು ಮನೆ. ಸೇನೆಯಲ್ಲಿ ಇದಕ್ಕೆ ಸ್ಯಾಂಡ್ ಮಾಡೆಲ್ ಎನ್ನುತ್ತಾರೆ. ಪರಿಸ್ಥಿತಿ, ಗುರಿ, ಮಾಡುವ ರೀತಿ, ಊಟ-ಮದ್ದುಗುಂಡು-ಗಾಯಾಳು ವ್ಯವಸ್ಥೆ, ಮುಂದಾಳು ಯಾರು ಮತ್ತು ಸಂಪರ್ಕ ಹೇಗೆ: ಆದೇಶದ ಐದು ಭಾಗವೂ ಆ ಮರಳ ಮೇಲೇ ನಡೆಯುತ್ತದೆ. ಗುರಿಯನ್ನು ಮಾತ್ರ ಎರಡು ಸಲ ಹೇಳಬೇಕು. ಇರುವ ಸಮಯದಲ್ಲಿ ಮೂರನೇ ಒಂದು ಪಾಲನ್ನಷ್ಟೇ ನಾಯಕ ತನ್ನ ಯೋಜನೆಗೆ ಬಳಸಬೇಕು, ಉಳಿದದ್ದು ಕೆಳಗಿನವರ ತಯಾರಿಗೆ.

ಒಂದು ಭಾನುವಾರ ಒಬ್ಬ ಹುಡುಗ ಹೆಜ್ಜೆ ಹೆಜ್ಜೆಯನ್ನೂ ತಪ್ಪಿಲ್ಲದೆ ವಿವರಿಸಿದ. ಹವಾಲ್ದಾರರು ಅವನ ಗುರುತಿಗೆ ಇಟ್ಟಿದ್ದ ಚಿಪ್ಪನ್ನು ರಸ್ತೆಯಿಂದ ಎತ್ತಿ ಪಕ್ಕಕ್ಕಿಟ್ಟರು.

“ನೀ ಬಿದ್ದೆ ಅಂತ ತಿಳ್ಕೊ. ಈಗ ಇವನು ಏನು ಮಾಡ್ಬೇಕು?”

ಪಕ್ಕದ ಹುಡುಗ ಹಗ್ಗ ನೋಡಿದ, ಗುಡ್ಡ ನೋಡಿದ. “ಇವ್ನು ಹೇಳಿದ್ದೇ ಮಾಡ್ತೆ, ಮಾಮಾ.”

“ಹಳ್ಳ ತುಂಬಿದೆ, ಅವನು ಹೇಳಿದ ದಾರಿ ಇಲ್ಲ. ಈಗ?”

ಹುಡುಗ ಸುಮ್ಮನಾದ.

“ಆ ಮನೆಗೆ ಯಾಕೆ ಹೋಗ್ತಾ ಇದ್ರಿ ನೀವು?”

ಅದು ಅವನಿಗೆ ಗೊತ್ತಿರಲಿಲ್ಲ. ಮೊದಲನೆಯವನು ಹೇಳಿರಲಿಲ್ಲ. ಹವಾಲ್ದಾರರು ಬೈಯಲಿಲ್ಲ. ಚಿಪ್ಪನ್ನು ಮತ್ತೆ ಹಗ್ಗದ ತುದಿಗೆ ಇಟ್ಟು, “ಮೊದಲಿಂದ ಹೇಳು. ಗುರಿ ಎರಡು ಸಲ” ಅಂದರು.