ಮಾನಿಟರ್ ತಾನಾಗಿ ತಲೆ ಬಾಗಿಸುತ್ತಿದೆ, ಸ್ಕ್ರೂ ಬಿಗಿ ಮಾಡಲೇ?

ಓದುಗರ ಪ್ರಶ್ನೆ: ನನ್ನ ಹತ್ತಿರ 15.6 ಇಂಚಿನ ಪೋರ್ಟಬಲ್ ಮಾನಿಟರ್ ಇದೆ. ಅದನ್ನು ಮಡಚುವ ಸ್ಟ್ಯಾಂಡ್ ಮೇಲೆ ಇಟ್ಟು ಬಳಸುತ್ತೇನೆ. ಬೇಕಾದ ಎತ್ತರಕ್ಕೆ ನಿಲ್ಲಿಸಿದರೂ ಸ್ವಲ್ಪ ಹೊತ್ತಿಗೆ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಕೀಲಿನ ಸ್ಕ್ರೂ ಬಿಗಿ ಮಾಡಬಹುದೇ? ಮಾಡುವಾಗ ಮಾನಿಟರಿಗೆ ಏಟಾಗದ ಹಾಗೆ ಹೇಗೆ ನೋಡಿಕೊಳ್ಳಲಿ?

ಉತ್ತರ: ಬಿಗಿ ಮಾಡಬಹುದು. ಆದರೆ ಮಾನಿಟರ್ ಸ್ಟ್ಯಾಂಡ್ ಮೇಲೆ ಇರುವಾಗ ಸ್ಕ್ರೂ ಮುಟ್ಟಬೇಡಿ.

ಇಷ್ಟು ಖಡಕ್ಕಾಗಿ ಹೇಳಲು ಕಾರಣ ಇದೆ. ಒಮ್ಮೆ ನಾನು ಎಡಗೈಯಲ್ಲಿ ಫೋನ್ ಹಿಡಿದುಕೊಂಡು ಬಲಗೈಯಲ್ಲಿ ಅಲೆನ್ ಕೀ (ಸ್ಕ್ರೂ ತಿರುಗಿಸುವ, ಆರು ಮೂಲೆಯ ಬಾಗಿದ ಕಡ್ಡಿ) ತಿರುಗಿಸುತ್ತಿದ್ದೆ. ಬಿಗಿ ಮಾಡಲು ಹೋಗಿ ತಿರುಗಿಸಿದ್ದು ಉಲ್ಟಾ ದಿಕ್ಕಿಗೆ. ಸ್ಕ್ರೂ ಅರ್ಧ ಸುತ್ತು ಸಡಿಲವಾಗಿದ್ದೇ ತಡ, ಮಾನಿಟರ್ ಮುಖ ಅಡಿಯಾಗಿ ಮೇಜಿನ ಮೇಲೆ ಬಿತ್ತು. ಬಿದ್ದ ಎತ್ತರ ಒಂದು ಗೇಣು ಇರಬಹುದು, ಅಷ್ಟೇ. ಮೇಜು ಖಾಲಿ ಇದ್ದಿದ್ದರೆ ಬಚಾವಾಗುತ್ತಿತ್ತೋ ಏನೋ. ಅಲ್ಲೊಂದು ಪೆನ್ನಿನ ಕ್ಯಾಪ್ ಇತ್ತು. ಎತ್ತಿ ನೋಡಿದರೆ ಹೊರಗೆ ಒಂದು ಗೀರೂ ಇಲ್ಲ. ಆನ್ ಮಾಡಿದಾಗ ಗೊತ್ತಾಯಿತು: ಒಳಗೆ ಮಸಿ ಚೆಲ್ಲಿದ ಹಾಗೆ ಒಂದು ಕಪ್ಪು ಮಚ್ಚೆ, ಅಲ್ಲಿಂದ ಅಂಚಿನವರೆಗೆ ನಾಲ್ಕೈದು ಬಣ್ಣದ ಗೆರೆಗಳು. ಈ ತೆಳು ಪರದೆಗಳೇ ಹಾಗೆ. ಭಾರ ಎಲ್ಲಾ ಕಡೆ ಹಂಚಿಹೋದರೆ ತಡೆದುಕೊಳ್ಳುತ್ತವೆ, ಒಂದೇ ಚುಕ್ಕಿಯ ಮೇಲೆ ಬಿದ್ದರೆ ಒಳಗಿನ ಗಾಜು ಒಡೆಯುತ್ತದೆ.

ಇನ್ನು ನಿಮ್ಮ ಸಮಸ್ಯೆಗೆ ಬರೋಣ. ಅಲೆನ್ ಕೀ ಹುಡುಕುವ ಮೊದಲು, ಜಾರುತ್ತಿರುವುದು ಯಾವುದು ಅಂತ ಪತ್ತೆ ಮಾಡಿ. ಮಡಚುವ ಸ್ಟ್ಯಾಂಡಿನಲ್ಲಿ ಸಾಮಾನ್ಯವಾಗಿ ಎರಡು ಕೀಲು ಇರುತ್ತವೆ. ಒಂದು ಬುಡದಲ್ಲಿ, ತೋಳು ಪೀಠಕ್ಕೆ ಸೇರುವ ಕಡೆ. ಇನ್ನೊಂದು ಮೇಲೆ, ಮಾನಿಟರ್ ಒರಗುವ ತಟ್ಟೆಯ ಹಿಂದೆ. ಎರಡರಲ್ಲಿ ಯಾವುದು ಬಗ್ಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ನಿಧಾನ. ಒಂದು ಸುಲಭ ಉಪಾಯ ಇದೆ. ಪ್ರತಿ ಕೀಲಿನ ಪಕ್ಕದಲ್ಲಿ, ತಿರುಗುವ ಭಾಗಕ್ಕೆ ಒಂದು, ತಿರುಗದ ಭಾಗಕ್ಕೆ ಒಂದು, ಎರಡು ಚೂರು ಬಿಳಿ ಟೇಪ್ ಅಂಟಿಸಿ. ಎರಡನ್ನೂ ಹಾಯುವ ಹಾಗೆ ಪೆನ್ನಿನಲ್ಲಿ ಒಂದೇ ನೇರ ಗೆರೆ ಎಳೆಯಿರಿ. ಪೀಠದ ಮುಂದಿನ ಅಂಚಿಗೂ ಮೇಜಿಗೂ ಹೀಗೇ ಒಂದು ಗುರುತು ಹಾಕಿ. ಅರ್ಧ ಗಂಟೆ ಕೆಲಸ ಮಾಡಿ ಬಂದು ನೋಡಿ. ಯಾವ ಗೆರೆ ಮುರಿದಿದೆಯೋ ಅದೇ ಕಳ್ಳ.

ಎಷ್ಟೋ ಸಲ ಎರಡು ಕೀಲುಗಳೂ ಸರಿ ಇದ್ದು, ಪೀಠವೇ ಮೇಜಿನ ಮೇಲೆ ಸರಿದಿರುತ್ತದೆ. ಅದಕ್ಕೆ ಸ್ಕ್ರೂ ಏನು ಮಾಡೀತು? ಅಡಿಯ ರಬ್ಬರ್ ತುಂಡುಗಳಿಗೆ ದೂಳು ಅಂಟಿ ಹಿಡಿತ ಹೋಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಮಾನಿಟರಿನ ಬೆನ್ನಿಗೇ ಕಾಲು ಇರುವ ಮಾದರಿಯಲ್ಲಂತೂ ಇದು ಜಾಸ್ತಿ. ಆ ಕಾಲನ್ನು ಹಿಂದಕ್ಕೆ ಚಾಚಿದಷ್ಟೂ ಪರದೆಯ ಕೆಳ ಅಂಚನ್ನು ಮುಂದಕ್ಕೆ ತಳ್ಳುವ ಬಲ ಹೆಚ್ಚುತ್ತದೆ. ನುಣುಪು ಮೇಜಿನ ಮೇಲೆ ಜಾರದೆ ಇನ್ನೇನು?

ಗೆರೆ ಕೀಲಿನಲ್ಲೇ ಮುರಿದಿದ್ದರೂ ಸ್ಕ್ರೂ ಸಡಿಲ ಅಂತ ಆಗಲೇ ತೀರ್ಮಾನಿಸಬೇಡಿ. ನೀರು ತುಂಬಿದ ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು ನೋಡಿ, ಆಮೇಲೆ ಕೈ ಪೂರ್ತಿ ಚಾಚಿ ಹಿಡಿದು ನೋಡಿ. ತೂಕ ಅದೇ, ಭುಜಕ್ಕೆ ಬೀಳುವ ಭಾರ ಮಾತ್ರ ಬೇರೆ. ಸ್ಟ್ಯಾಂಡಿನ ಬುಡದ ಕೀಲಿಗೂ ಹೀಗೇ. ನಿಮ್ಮ ಮಾನಿಟರ್ 800 ಗ್ರಾಂ ಇದೆ ಅಂದುಕೊಳ್ಳಿ. ಅದರ ನಡುಭಾಗ ಬುಡದ ಕೀಲಿನ ನೇರಕ್ಕಿಂತ 5 ಸೆಂಟಿಮೀಟರ್ ಮುಂದೆ ಇದ್ದಾಗ ಕೀಲು ತಡೆಯಬೇಕಾದ ಬಲ ಒಂದು ಪಾಲು ಆದರೆ, 15 ಸೆಂಟಿಮೀಟರ್ ಮುಂದೆ ಬಂದಾಗ ಮೂರು ಪಾಲು. ಮೇಲಿನ ಕೀಲಿಗೆ ಲೆಕ್ಕ ಪರದೆಯ ಕೋನದ್ದು. ಕೆಳ ಅಂಚಿನಲ್ಲಿ ಹಿಡಿದ ಪರದೆ ಪೂರ್ತಿ ಮಲಗಿದಾಗ ಬೀಳುವ ಭಾರ ಎಷ್ಟೋ, ನೇರ ನಿಲುವಿನಿಂದ 20 ಡಿಗ್ರಿ ಮಾತ್ರ ಹಿಂದಕ್ಕೆ ವಾಲಿದಾಗ ಅದರ ಸುಮಾರು ಮೂರನೇ ಒಂದು ಭಾಗ ಅಷ್ಟೇ. ಹಾಗಾಗಿ ತೋಳನ್ನು ಇನ್ನಷ್ಟು ನೆಟ್ಟಗೆ ಮಾಡಿ, ಪರದೆಯನ್ನು ಕೊಂಚ ನೇರ ಮಾಡಿ, ಬೇಕಿದ್ದರೆ ಸ್ಟ್ಯಾಂಡನ್ನೇ ನಿಮ್ಮ ಹತ್ತಿರಕ್ಕೆ ಎಳೆದುಕೊಳ್ಳಿ. ಕಾಸಿನ ಖರ್ಚಿಲ್ಲದೆ ಮುಗಿಯುವ ರಿಪೇರಿ ಇದು. ನಾನು ಕಂಡಂತೆ ಅರ್ಧಕ್ಕರ್ಧ ದೂರು ಇಲ್ಲೇ ತೀರಿಹೋಗುತ್ತದೆ.

ಅದೂ ಆಗಲಿಲ್ಲ ಅಂದರೆ ಸ್ಕ್ರೂ ಸರದಿ. ಮೊದಲು ಕೇಬಲ್ ಕಳಚಿ. ಮಾನಿಟರನ್ನು ಎರಡೂ ಕೈಯಿಂದ ಎತ್ತಿ, ಬೇರೆಲ್ಲಾದರೂ ಮೆತ್ತನೆ ಬಟ್ಟೆಯ ಮೇಲೆ ಇಡಿ. ಈಗ ಖಾಲಿ ಸ್ಟ್ಯಾಂಡನ್ನು ನೋಡಿ. ಕೀಲಿನ ಪಕ್ಕದಲ್ಲಿ ಆರು ಮೂಲೆಯ ಗುಳಿ ಇದ್ದರೆ ಅಲೆನ್ ಕೀ, ಕೂಡಿಸು ಚಿಹ್ನೆ ಇದ್ದರೆ ಸ್ಟಾರ್ ಸ್ಕ್ರೂಡ್ರೈವರ್. ಏನೂ ಇಲ್ಲದೆ ಬರೀ ನುಣುಪು ಗುಂಡು ತಲೆ ಇದ್ದರೆ ಅದು ರಿವೆಟ್. ಅದನ್ನು ಬಿಗಿ ಮಾಡಲು ಬರುವುದಿಲ್ಲ, ಸುತ್ತಿಗೆ ತಗೊಂಡು ಸಾಹಸ ಮಾಡಬೇಡಿ.

ಕೀ ಗುಳಿಯಲ್ಲಿ ಪೂರ್ತಿ ಕೂರಬೇಕು. ಸ್ವಲ್ಪ ಚಿಕ್ಕದಾದರೂ ಮೂಲೆ ಸವೆದು ಸ್ಕ್ರೂ ಕೈಗೇ ಸಿಗದಂತಾಗುತ್ತದೆ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಸಾಕು. ಎಡ ಬಲ ಎರಡೂ ಕಡೆ ಸ್ಕ್ರೂ ಇದ್ದರೆ ಎರಡಕ್ಕೂ ಅಷ್ಟಷ್ಟೇ. ಒಂದನ್ನೇ ಬಿಗಿದರೆ ತೋಳು ತಿರುಚಿಕೊಂಡು ಇಳಿಯುತ್ತದೆ. ಕೆಲವು ಸ್ಟ್ಯಾಂಡಿನಲ್ಲಿ ಆಚೆ ಬದಿಗೆ ನಟ್ ಇರುತ್ತದೆ. ಅದನ್ನು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳದಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ನೀವು ಸುಮ್ನೆ ಕೈ ನೋಯಿಸಿಕೊಳ್ಳುತ್ತೀರಿ. ಬೆರಳ ತುದಿಯ ಬಲಕ್ಕೆ ತಿರುಗುವಷ್ಟು ತಿರುಗಿಸಿ, ಮುಷ್ಟಿಯ ಬಲ ಬೇಕು ಅನ್ನಿಸಿದ ಕಡೆ ನಿಲ್ಲಿಸಿ. ಸಾಮಾನ್ಯವಾಗಿ ಸ್ಟ್ಯಾಂಡ್ ಅಲ್ಯುಮಿನಿಯಂ, ಸ್ಕ್ರೂ ಉಕ್ಕು. ಹಟ ಮಾಡಿದರೆ ಮೆತ್ತನೆಯದೇ ಸೋಲುವುದು. ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ, ಅಂದರೆ ಥ್ರೆಡ್, ಕಿತ್ತುಹೋದರೆ ಆ ಕೀಲಿನ ಕತೆ ಮುಗಿಯಿತು. ಸ್ಕ್ರೂ ಪೂರ್ತಿ ಹೊರಗೆ ಬಂದುಬಿಟ್ಟರೆ ಒಳಗಿನ ವಾಷರುಗಳನ್ನು ಮುಟ್ಟುವ ಮೊದಲು ಒಂದು ಫೋಟೋ ತೆಗೆಯಿರಿ. ಅವುಗಳಲ್ಲಿ ಕೆಲವು ಬಟ್ಟಲಿನ ಹಾಗೆ ಬಾಗಿರುತ್ತವೆ. ತಿರುಗು ಮುರುಗಾದರೆ ಹಿಡಿತ ಇರುವುದಿಲ್ಲ.

ಎಣ್ಣೆ ಬಿಡಬೇಡಿ. ಕಿರ್ ಅನ್ನುತ್ತದೆ ಅಂತ ಬಾಗಿಲಿನ ತಿರುಗಣಿಗೆ ಬಿಟ್ಟ ಹಾಗೆ ಇದಕ್ಕೂ ಒಂದು ಹನಿ ಬಿಡುವವರಿದ್ದಾರೆ. ಬಾಗಿಲು ಸರಾಗ ತಿರುಗಬೇಕು, ನಿಜ. ಆದರೆ ಈ ಕೀಲು ನಿಂತಿರುವುದೇ ಉಜ್ಜಾಟದಿಂದ, ಅಲ್ವಾ?

ಬಿಗಿ ಮಾಡಿದ ತಕ್ಷಣ ಮಾನಿಟರ್ ತಂದು ಇಡುವ ಆತುರ ಬೇಡ. ಅಷ್ಟೇ ತೂಕದ ದಪ್ಪ ಪುಸ್ತಕ ಒಂದನ್ನು ಕೂರಿಸಿ. ಬಿದ್ದರೆ ಪುಸ್ತಕ ಬೀಳಲಿ. ಹತ್ತು ನಿಮಿಷ ನಿಂತರೆ ಮೇಲಿನ ಅಂಚನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ತಳ್ಳಿ ನೋಡಿ. ಪೀಠದ ಒಂದು ಬದಿ ಮೇಲೇಳುವ ಹಾಗಿದ್ದರೆ ಎತ್ತರ ಇಳಿಸಿ. ಪರದೆಯ ನಡುವಿನಿಂದ ನೇರ ಕೆಳಗೆ ದಾರ ಬಿಟ್ಟರೆ ಅದು ಪೀಠದ ಒಳಗೇ ಬೀಳಬೇಕು, ಅಂಚಿನ ಮೇಲಾಗಲಿ ಆಚೆಗಾಗಲಿ ಬೀಳಬಾರದು.

ಆಮೇಲೆ ಕೇಬಲ್. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹಗುರವಾದ ಮಾನಿಟರನ್ನು ಒಂದು ದಪ್ಪ ಟೈಪ್-ಸಿ ಕೇಬಲ್ ಸಲೀಸಾಗಿ ಪಕ್ಕಕ್ಕೆ ಎಳೆಯಬಲ್ಲದು. ಎತ್ತರ ಬದಲಿಸಿದಾಗ ಕೇಬಲ್ ಬಿಗಿಯಾದರೆ ಭಾರ ಪೂರ್ತಿ ಪೋರ್ಟಿನ ಮೇಲೆ ಬೀಳುತ್ತದೆ. ಅದು ಒಳಗಿನ ಬೋರ್ಡಿಗೆ ಬೆಸುಗೆ ಹಾಕಿದ ಪುಟ್ಟ ಭಾಗ. ಒಮ್ಮೆ ಅಲುಗಾಡಿದರೆ ಪರದೆ ಬಂದು ಬಂದು ಹೋಗಲು ಶುರುವಾಗುತ್ತದೆ. ಸ್ಟ್ಯಾಂಡಿನ ಅತಿ ಎತ್ತರದ ನಿಲುವಿನಲ್ಲೂ ಒಂದು ಸಣ್ಣ ಬಳುಕು ಉಳಿಯುವಷ್ಟು ಉದ್ದ ಬಿಟ್ಟು, ಕೇಬಲನ್ನು ಸ್ಟ್ಯಾಂಡಿನ ತೋಳಿಗೆ ಸಡಿಲವಾಗಿ ಕಟ್ಟಿ. ತುದಿ ಎಲ್ ಆಕಾರದಲ್ಲಿ ಬಾಗಿರುವ ಕೇಬಲ್ ಆದರೆ ಇನ್ನೂ ಒಳ್ಳೆಯದು.

ದಿನಾ ಕೋನ ಬದಲಿಸುವಾಗ ಮೇಲಿನ ಮೂಲೆ ಹಿಡಿದು ಎಳೆಯಬೇಡಿ. ಅಲ್ಲಿ ಹಿಡಿದರೆ ಪರದೆ ಓರೆಯಾಗಿ ತಿರುಚಿಕೊಳ್ಳುತ್ತದೆ. ಎರಡೂ ಪಕ್ಕದ ಅಂಚುಗಳನ್ನು ಕೆಳಭಾಗದಲ್ಲಿ ಹಿಡಿದು ಒಟ್ಟಿಗೆ ವಾಲಿಸಿ, ಹೆಬ್ಬೆರಳು ಗಾಜಿನ ಮೇಲೆ ಬರದಿರಲಿ. ತೋಳು ಏರಿಸುವಾಗ, ಇಳಿಸುವಾಗ ಒಂದು ಕೈ ಪೀಠದ ಮೇಲೆ ಇರಲಿ, ಕೀಲಿನ ಸಂದಿಯಿಂದ ಬೆರಳು ದೂರ ಇರಲಿ. ಮಡಚುವಾಗ ಕಚ್ಚಿಸಿಕೊಂಡವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಸ್ಟ್ಯಾಂಡಿಗೇ ಮಾನಿಟರನ್ನು ಸ್ಕ್ರೂ ಹಾಕಿ ಕೂರಿಸುವ ವೆಸಾ ಮಾದರಿ ನಿಮ್ಮದಾದರೆ ಒಂದು ಎಚ್ಚರಿಕೆ. ಹಿಂದೆ 75 ಮಿಲಿಮೀಟರ್ ಅಂತರದಲ್ಲಿ ನಾಲ್ಕು ತೂತು ಇರುತ್ತವೆ, ಸಾಮಾನ್ಯವಾಗಿ ಎಂ4, ಅಂದರೆ 4 ಮಿಲಿಮೀಟರ್ ದಪ್ಪದ ಸ್ಕ್ರೂ. ತೆಳು ಮಾನಿಟರಿನಲ್ಲಿ ಈ ತೂತುಗಳ ಆಳ ಬಹಳ ಕಮ್ಮಿ. ಉದ್ದದ ಸ್ಕ್ರೂ ಒತ್ತಿ ತಿರುಗಿಸಿದರೆ ಅದು ಒಳಗಿನ ಭಾಗಕ್ಕೇ ಚುಚ್ಚೀತು. ದೊಡ್ಡ ಮಾನಿಟರಿಗೆ ಮಾಡಿದ ಗ್ಯಾಸ್ ಸ್ಪ್ರಿಂಗ್ ತೋಳಿಗೆ (ಒಳಗಿನ ಗ್ಯಾಸಿನ ಒತ್ತಡದಿಂದ ಭಾರವನ್ನು ಎತ್ತಿ ಹಿಡಿಯುವ ತೋಳು) ಇದನ್ನು ಹಾಕಿದರೆ ತೊಂದರೆ ಉಲ್ಟಾ: ಭಾರ ಸಾಲದೆ ತೋಳು ಸಟ್ಟನೆ ಮೇಲಕ್ಕೆ ಚಿಮ್ಮುತ್ತದೆ. ತೋಳಿನ ಕನಿಷ್ಠ ತೂಕ ಎಷ್ಟು ಅಂತ ಮೊದಲೇ ನೋಡಿಕೊಳ್ಳಿ.

ಟೇಪ್ ಈಗಲೇ ಕೀಳಬೇಡಿ. ಹೊಸ ನಿಲುವಿನಲ್ಲಿ ಮತ್ತೊಂದು ಗೆರೆ ಎಳೆದು ಮಾರನೇ ದಿನ ನೋಡಿ. ಆಗಲೂ ಮುರಿದಿದ್ದರೆ ಒಳಗಿನ ವಾಷರ್ ಸವೆದಿದೆ ಅಂತ ಅರ್ಥ. ಆ ಸ್ಟ್ಯಾಂಡ್ ಮೇಲೆ ಪುಸ್ತಕ ಇಟ್ಟು ಓದಿ, ಮಾನಿಟರಿಗೆ ಬೇರೆ ತನ್ನಿ.