ಗ್ಯಾಸ್, ಟೆನ್ಷನ್ ಮತ್ತು ಪೆರ್ಲದ ಬಸ್ಸು

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರಿಗೆ ಬಂಜಿಬೇನೆ, ಮತ್ತೊಬ್ಬರಿಗೆ ವಯರುವೇದನ. ಕನ್ನಡ, ತುಳು, ಮಲಯಾಳ ಮೂರಕ್ಕೂ ಸಲ್ಲುವ ಪದಗಳು ಎರಡಿವೆ: ಗ್ಯಾಸ್ ಮತ್ತು ಟೆನ್ಷನ್. ರೋಗಿ ಗ್ಯಾಸ್ ಎನ್ನುತ್ತಾರೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ನಾವು ವೈದ್ಯರು ಟೆನ್ಷನ್ ಎನ್ನುತ್ತೇವೆ. ಅಲ್ಲಿಗೆ ಮಾತುಕತೆ ಮುಗಿಯುತ್ತದೆ. ನಾನೂ ಬಹಳ ವರ್ಷ ಹೀಗೆಯೇ ಮುಗಿಸಿ ಕಳುಹಿಸಿದವನು.

ಪೆರ್ಲ ಕಡೆಯ ಒಬ್ಬ ಶಿಕ್ಷಕಿ ಬಂದಾಗ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಕೈಚೀಲದಲ್ಲಿ ಮಂಗಳೂರಿನ ಎರಡು ಆಸ್ಪತ್ರೆಗಳ ಫೈಲುಗಳಿದ್ದವು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಸ್ಕ್ಯಾನ್, ರಕ್ತ, ಮಲ, ಎಲ್ಲವೂ ನಾರ್ಮಲ್. "ಏನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಡಾಕ್ಟರೇ, ಮನೆಯಲ್ಲಿ ತೋರಿಸಬಹುದಿತ್ತು" ಎಂದರು. ಮಗಳಿಗೆ ರೋಗವಿಲ್ಲ ಎಂದು ಕೇಳಿ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರಂತೆ. ಮಗಳು ಅದೇ ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

ರೋಗ ಇತ್ತು. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕೆರಳುವ ಕರುಳಿನ ತೊಂದರೆ) ಎಂದು ಕರೆಯುತ್ತೇವೆ. ಇಂಥ ರೋಗಗಳನ್ನು ಗುರುತಿಸಲು ವೈದ್ಯರು ಬಳಸುವ, 2016ರಲ್ಲಿ ಪರಿಷ್ಕರಿಸಿದ ರೋಮ್ ಮಾನದಂಡದಂತೆ, ಕಳೆದ 3 ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವಿದ್ದು, ಅದಕ್ಕೂ ಮಲವಿಸರ್ಜನೆಗೂ ಸಂಬಂಧವಿರಬೇಕು; ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ಇಲ್ಲಿ ಕೆಟ್ಟಿರುವುದು ಕರುಳಿನ ಗೋಡೆಯಲ್ಲ, ಅದರ ಸಂವೇದನೆ. ಗುದನಾಳದಲ್ಲಿ ಪುಟ್ಟ ಬಲೂನು ಉಬ್ಬಿಸಿ ನೋಡಿದರೆ, ಉಳಿದವರಿಗೆ ಬರೀ ಒತ್ತಡ ಎನಿಸುವ ಹಂತದಲ್ಲೇ ಈ ರೋಗಿಗಳಲ್ಲಿ ಅನೇಕರಿಗೆ ನೋವಾಗುತ್ತದೆ. ಇದು 1970ರ ದಶಕದಿಂದಲೂ ಗೊತ್ತಿರುವ ಸಂಗತಿ. ಕರುಳಿಗೆ ಅದರದೇ ಹತ್ತು ಕೋಟಿಗೂ ಮಿಕ್ಕ ನರಕೋಶಗಳಿವೆ. ಅದನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಆತಂಕದಿಂದ ಹೊಟ್ಟೆ ಕೆಡುತ್ತದೆ ಎಂಬುದು ಎಷ್ಟು ನಿಜವೋ, ಹೊಟ್ಟೆಯಿಂದ ಆತಂಕ ಏಳುತ್ತದೆ ಎಂಬುದೂ ಅಷ್ಟೇ ನಿಜ. ಸಂಕಟವಾದಾಗ ಕರುಳು ಕಿವುಚಿತು ಎನ್ನುವ ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಟೀಚರಿಗೆ ನೋವಿಗಿಂತ ದೊಡ್ಡ ತೊಂದರೆ ಬಸ್ಸು. ಪೆರ್ಲದಿಂದ ಬದಿಯಡ್ಕ, ನೆಲ್ಲಿಕಟ್ಟೆ, ಎಡನೀರು ದಾಟಿ ಚೆರ್ಕಳದಲ್ಲಿ ಇಳಿಯಬೇಕು. ದಾರಿಯಲ್ಲಿ ಯಾವ ಪೆಟ್ರೋಲ್ ಪಂಪಿನ ಶೌಚಾಲಯ ತೆರೆದಿರುತ್ತದೆ, ಯಾವ ಹೋಟೆಲಿನವರು ಮುಖ ಸಿಂಡರಿಸುವುದಿಲ್ಲ ಎಂಬುದೆಲ್ಲ ಬಾಯಿಪಾಠ. ಹೊರಡುವ ಮೊದಲು ನಾಲ್ಕು ಸಲ ಶೌಚಾಲಯ. ಬೆಳಗಿನ ತಿಂಡಿ ಇಲ್ಲ. ಶಾಲೆಯಲ್ಲಿ ನೀರೂ ಇಲ್ಲ. (ಎರಡು ಪೀರಿಯಡ್‌ಗಳ ನಡುವೆ ಐದು ನಿಮಿಷ ಬಿಡುವಿಲ್ಲದ ಶಾಲೆಗಳ ಮೇಲೆ ನನಗೆ ಬೇರೆಯೇ ಸಿಟ್ಟಿದೆ.) ಸಂಜೆ ಮನೆಗೆ ಬಂದು ಹಸಿವು ತಡೆಯಲಾರದೆ ಒಮ್ಮೆಗೇ ಹೊಟ್ಟೆತುಂಬ ಊಟ. ಜಠರ ತುಂಬಿದೊಡನೆ ದೊಡ್ಡಕರುಳು ಚುರುಕಾಗುವುದು ಎಲ್ಲರಲ್ಲೂ ಇರುವ ಕ್ರಿಯೆ. ಅವರಲ್ಲಿ ಅದು ಹಿಂಡುವ ನೋವಾಗುತ್ತಿತ್ತು. ನೋವು ಬಂತೆಂದು ಮರುದಿನ ಇನ್ನೊಂದು ಪದಾರ್ಥ ಬಿಡುತ್ತಿದ್ದರು. ಹಾಲು, ಹಲಸು, ಕಡಲೆ, ನೀರುಳ್ಳಿ, ಕೊನೆಗೆ ತೆಂಗಿನಕಾಯಿ. ಕಾಸರಗೋಡಿನಲ್ಲಿ ತೆಂಗಿನಕಾಯಿ ಬಿಟ್ಟವರಿಗೆ ಉಳಿಯುವುದು ಗಂಜಿ ಮತ್ತು ಉಪ್ಪು.

ಮೊದಲು ತಿಂಡಿ ಶುರುಮಾಡಿಸಿದೆ, ಒಂದೇ ದೋಸೆಯಿಂದ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಕೈ ಏರಿಳಿಯುವಂತೆ ಉಸಿರಾಡಲು ಹೇಳಿದೆ. ಒಳಗೆಳೆಯುವುದಕ್ಕಿಂತ ಬಿಡುವುದು ನಿಧಾನವಾಗಬೇಕು. ಬಸ್ಸಿನಲ್ಲಿ ನೋವು ಬಂದಾಗ ಮಾಡುತ್ತೇನೆ ಎಂದರು. ನೆರೆ ಬಂದ ದಿನ ಈಜು ಕಲಿಯಲಾಗುವುದಿಲ್ಲ ಎಂದೆ. ಆಮೇಲೆ ರಜೆಯ ದಿನ, ಶಾಲೆಯ ಗಡಿಬಿಡಿ ಇಲ್ಲದಾಗ, ಬದಿಯಡ್ಕದವರೆಗೆ ಮಾತ್ರ ಬಸ್ಸು. ಮುಂದಿನ ವಾರ ನೆಲ್ಲಿಕಟ್ಟೆ. ಹೊರಡುವ ಮುಂಚಿನ ನಾಲ್ಕು ಸಲ ಮೂರಾಗಬೇಕು, ಎರಡಾಗಬೇಕು. ಇದೇ ಚಿಕಿತ್ಸೆಯ ಅತಿ ಕಷ್ಟದ ಭಾಗ. ಶೌಚಾಲಯಕ್ಕೆ ಹೋಗಿಬಂದಾಗ ಸಿಗುವ ಆ ಕ್ಷಣದ ನೆಮ್ಮದಿಯೇ ಆತಂಕಕ್ಕೆ ಗೊಬ್ಬರ.

ಜೊತೆಗೆ ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದೆ. ಹಳೆಯ ಖಿನ್ನತೆಯ ಔಷಧಿ. ಸಣ್ಣ ಪ್ರಮಾಣದಲ್ಲಿ ಕರುಳಿನ ನೋವಿನ ಸಂದೇಶಗಳನ್ನು ತಗ್ಗಿಸುತ್ತದೆ. ಐಬಿಎಸ್‌ಗೆ ಇದರಿಂದ ಉಪಯೋಗವಿದೆ ಎಂದು 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೋರಿಸಿದೆ. ಎಲ್ಲರಿಗೂ ಒಗ್ಗುವುದಿಲ್ಲ, ಬಾಯಿ ಒಣಗುತ್ತದೆ, ಹೃದ್ರೋಗವಿದ್ದವರಿಗೆ ಕೊಡುವಾಗ ಎಚ್ಚರ ಬೇಕು. ಆದರೆ ಮೆಡಿಕಲ್ ಶಾಪಿನ ಹುಡುಗ "ಇದು ಮಾನಸಿಕದವರ ಮಾತ್ರೆ ಅಲ್ಲವಾ ಟೀಚರ್?" ಎಂದು ಕೇಳಿದ್ದೇ ತಡ, ಚೀಟಿ ಮೂರು ವಾರ ಪರ್ಸಿನಲ್ಲೇ ಉಳಿಯಿತು. ತಪ್ಪು ನನ್ನದೂ ಹೌದು. ಯಾಕೆ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿರಲಿಲ್ಲ.

ಇದನ್ನು ಓದಿ ಯಾರೂ ತಾವಾಗಿ ಐಬಿಎಸ್ ಎಂದು ತೀರ್ಮಾನಿಸಿಕೊಳ್ಳಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಮೊದಲು ಪರೀಕ್ಷೆ ಆಗಬೇಕು. ಕ್ರೋನ್ಸ್‌ನಂತಹ ಕರುಳಿನ ಉರಿಯೂತದ ಕಾಯಿಲೆ ಇದ್ದವರಿಗೂ ಆತಂಕ ಕಾಡುತ್ತದೆ. ಅವರಲ್ಲಿ ಉರಿಯೂತದ ಚಿಕಿತ್ಸೆಯನ್ನು ಬಿಟ್ಟು ಬರೀ ಉಸಿರಾಟ ಹೇಳಿಕೊಡುವುದು ಅಪರಾಧ.

ಐದು ತಿಂಗಳ ಬಳಿಕ ಟೀಚರ್ ಬಂದರು. ಎರಡು ದೋಸೆ ತಿಂದು ಬಸ್ಸು ಹತ್ತುತ್ತಿದ್ದಾರಂತೆ. ಹಿಂದಿನ ಸೋಮವಾರ ಎಡನೀರಿನ ಹತ್ತಿರ ಹೊಟ್ಟೆ ಹಿಂಡಿತಂತೆ.

"ಇಳಿದಿರಾ?"

"ಇಲ್ಲ. ಕಂಡಕ್ಟರಿನಿಂದ ಚಿಲ್ಲರೆ ಬರಬೇಕಿತ್ತು. ಆ ಗಲಾಟೆಯಲ್ಲಿ ಚೆರ್ಕಳ ಬಂದುಬಿಟ್ಟಿತು."